ತಿಂಗಳ ಬರವಣಿಗೆ ಎಲ್ಲಿ ನಿಂತಿದೆ? ಹವ್ಯಾಸಿ ಬರಹಗಾರರಿಗೆ ದೋಷ ನಿವಾರಣೆ ಕೈಪಿಡಿ

ಒಂದನೆಯ ತಾರೀಖು ಯೋಜನೆ ಬರೆಯುವಾಗ ಹುಮ್ಮಸ್ಸಿಗೆ ಕೊರತೆ ಇರುವುದಿಲ್ಲ. ಎರಡು ಕಥೆ, ಒಂದು ಲಲಿತ ಪ್ರಬಂಧ, ಅರ್ಧಕ್ಕೆ ಬಿಟ್ಟ ಕಾದಂಬರಿಯ ಒಂದು ಅಧ್ಯಾಯ ಎಂದು ಪಟ್ಟಿ ಬೆಳೆಯುತ್ತದೆ. ತಿಂಗಳ ಕೊನೆಗೆ ನೋಡಿದರೆ ಒಂದೂ ಪೂರ್ತಿಯಾಗಿರುವುದಿಲ್ಲ. ಆಗ ಕೆಲವರು ಅದೇ ಪಟ್ಟಿಯನ್ನು ಮುಂದಿನ ತಿಂಗಳಿಗೆ ನಕಲು ಮಾಡುತ್ತಾರೆ. ಕೆಲವರು ತಮಗೆ ಶಿಸ್ತಿಲ್ಲ ಎಂದು ತೀರ್ಮಾನಿಸಿ ಪೆನ್ನು ಮುಚ್ಚಿಡುತ್ತಾರೆ. ಇವೆರಡೂ ದೋಷ ಎಲ್ಲಿದೆ ಎಂದು ನೋಡದೆಯೇ ಕೊಟ್ಟ ತೀರ್ಪುಗಳು.

ಸಾಗರದ ನಮ್ಮ ಓದು-ಬರಹದ ಬಳಗದಲ್ಲಿ ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ತಮ್ಮ ಬರವಣಿಗೆಯ ಲೆಕ್ಕ ಒಪ್ಪಿಸುತ್ತಾರೆ. ಶಾಲಾ ಶಿಕ್ಷಕಿ, ಸಹಕಾರಿ ಸಂಘದ ಗುಮಾಸ್ತ, ಔಷಧದ ಅಂಗಡಿಯವರು, ತೋಟ ನೋಡಿಕೊಂಡಿರುವವರು ಎಲ್ಲರೂ ಇದ್ದಾರೆ. ಬರವಣಿಗೆಯೇ ವೃತ್ತಿಯಾದವರು ಯಾರೂ ಇಲ್ಲ. ಆ ಲೆಕ್ಕಗಳನ್ನು ಕೇಳುತ್ತಾ ನನಗೆ ಖಚಿತವಾದ ವಿಷಯ ಒಂದೇ: ಬರವಣಿಗೆ ನಿಂತಿದೆ ಎಂದು ಹೇಳುವವರಲ್ಲಿ ಹೆಚ್ಚಿನವರ ಬರವಣಿಗೆ ನಿಂತಿರುವುದಿಲ್ಲ. ಅದರ ಯಾವುದೋ ಒಂದು ಹಂತ ನಿಂತಿರುತ್ತದೆ. ಆ ಹಂತ ಗೊತ್ತಾದರೆ ಪರಿಹಾರ ಸಣ್ಣದಾಗಿರುತ್ತದೆ. ಗೊತ್ತಾಗದಿದ್ದರೆ, ಬೆಳಿಗ್ಗೆ ಐದಕ್ಕೆ ಏಳುವುದು, ಹೊಸ ನೋಟು ಪುಸ್ತಕ ಕೊಳ್ಳುವುದು, ಮೊಬೈಲನ್ನು ಪಕ್ಕದ ಕೋಣೆಯಲ್ಲಿ ಇಡುವುದು ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಮೊದಲು ಅಳತೆಗೋಲನ್ನು ಪರೀಕ್ಷಿಸಿ

ಕೆಲವೊಮ್ಮೆ ಬರವಣಿಗೆ ಸರಿಯಾಗಿಯೇ ನಡೆಯುತ್ತಿರುತ್ತದೆ, ಅಳೆಯುವ ಕ್ರಮ ತಪ್ಪಿರುತ್ತದೆ. ದಿನಕ್ಕೆ ಇಷ್ಟು ಪದ ಎಂಬ ಗುರಿ ಇಟ್ಟುಕೊಂಡವರಲ್ಲಿ ಇದು ಸಾಮಾನ್ಯ. ಈ ಗುರಿಯನ್ನು ಜಗತ್ತಿನಾದ್ಯಂತ ಜನಪ್ರಿಯಗೊಳಿಸಿದ್ದು ಅಮೆರಿಕದಲ್ಲಿ 1999ರಲ್ಲಿ ಶುರುವಾದ ‘ನ್ಯಾನೋರೈಮೋ’ ಎಂಬ ಕಾದಂಬರಿ ಬರೆಯುವ ಅಭಿಯಾನ. ನವೆಂಬರ್ ತಿಂಗಳ 30 ದಿನಗಳಲ್ಲಿ 50,000 ಪದ, ಅಂದರೆ ದಿನಕ್ಕೆ ಸುಮಾರು 1,667 ಪದ. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ಆದರೆ ಆ ಸಂಖ್ಯೆ ಮಾತ್ರ ಇಂದಿಗೂ ನಮ್ಮ ಕನ್ನಡದ ಹವ್ಯಾಸಿಗಳ ಡೈರಿಗಳಲ್ಲಿ ಕುಳಿತಿದೆ.

ಆ ಲೆಕ್ಕ ಕನ್ನಡಕ್ಕೆ ಹಾಗೆಯೇ ಒಗ್ಗುವುದಿಲ್ಲ. ನಮ್ಮ ವಿಭಕ್ತಿ, ಕಾಲಸೂಚಕ, ನಿಷೇಧ, ಪ್ರಶ್ನೆ ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ. ಹಾಗಾಗಿ ಅಷ್ಟೇ ವಿಷಯಕ್ಕೆ ಕನ್ನಡದಲ್ಲಿ ಪದಗಳ ಸಂಖ್ಯೆ ಕಡಿಮೆ ಬರುತ್ತದೆ. ಒಬ್ಬರು ‘ಬರೆದುಬಿಟ್ಟ’ ಎಂದು ಕೂಡಿಸಿ ಬರೆದರೆ, ಇನ್ನೊಬ್ಬರು ಬಿಡಿಸಿ ಬರೆದು ಎರಡು ಪದ ಮಾಡುತ್ತಾರೆ. ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಅಭಿಯಾನದ ಆ ಲೆಕ್ಕ ಮೊದಲ ಕರಡಿಗೆ ಮಾತ್ರ ಸಲ್ಲುತ್ತದೆ. 2,400 ಪದಗಳ ಕಥೆಯಿಂದ 400 ಪದಗಳನ್ನು ಕಿತ್ತು ಅದನ್ನು ಬಿಗಿಗೊಳಿಸಿದ ವಾರ ನಿಮ್ಮ ಲೆಕ್ಕದ ಪುಸ್ತಕದಲ್ಲಿ ನಷ್ಟದ ವಾರವಾಗಿ ಕಾಣುತ್ತದೆ, ಆ ತಿಂಗಳಲ್ಲಿ ನೀವು ಮಾಡಿದ ಅತ್ಯುತ್ತಮ ಕೆಲಸ ಅದೇ ಆಗಿದ್ದರೂ.

ಪದಗಳ ಬದಲು ಹಂತ ಬರೆದಿಡಿ. ಒಂದು ಪುಟದಲ್ಲಿ ತಾರೀಖು, ಯಾವ ಬರಹ, ಯಾವ ಹಂತ, ಎಲ್ಲಿ ನಿಲ್ಲಿಸಿದ್ದು ಇಷ್ಟೇ ಸಾಕು. ಕೊನೆಯ ಅಂಕಣವೇ ಮುಖ್ಯ. ‘ಕಥೆ ಬರೆದೆ, ಒಂದು ಗಂಟೆ’ ಎಂಬ ಟಿಪ್ಪಣಿಯಿಂದ ಏನೂ ತಿಳಿಯುವುದಿಲ್ಲ. ‘ಅತ್ತಿಗೆ ಬಾಗಿಲು ತೆರೆಯುವವರೆಗೆ ಬಂತು, ಅವಳು ಏನು ಹೇಳುತ್ತಾಳೆ ಎಂದು ಗೊತ್ತಿಲ್ಲ’ ಎಂಬ ಟಿಪ್ಪಣಿ ಇದ್ದರೆ ನಾಲ್ಕು ದಿನ ಬಿಟ್ಟು ಕುಳಿತರೂ ಎಲ್ಲಿಂದ ಹಿಡಿಯಬೇಕು ಎಂಬುದು ಕಣ್ಣೆದುರಿಗಿರುತ್ತದೆ, ದೋಷದ ಸುಳಿವೂ ಅಲ್ಲೇ ಇರುತ್ತದೆ.

ಯಾವ ಹಂತದಲ್ಲಿ ರಾಶಿ ಬಿದ್ದಿದೆ ನೋಡಿ

ಒಂದು ಬರಹ ಹೊಳಹು, ಕರಡು, ತಿದ್ದುಪಡಿ, ಅಂತಿಮ ಪ್ರತಿ, ರವಾನೆ ಹೀಗೆ ಸಾಗುತ್ತದೆ. ಕಳೆದ ಮೂರು ತಿಂಗಳಲ್ಲಿ ಕೈಗೆತ್ತಿಕೊಂಡ ಪ್ರತಿಯೊಂದನ್ನೂ, ಮೊಬೈಲಿನ ಟಿಪ್ಪಣಿಯಲ್ಲಿ ಇರುವ ಎರಡು ಸಾಲನ್ನೂ ಬಿಡದೆ, ಅದರ ಹಂತದ ಕೆಳಗೆ ಬರೆಯಿರಿ. ತೋಟದ ಕಾಲುವೆಯಲ್ಲಿ ನೀರು ಎಲ್ಲಿ ಕಟ್ಟಿ ನಿಂತಿದೆಯೋ ಅದರ ಮುಂದೆಯೇ ಕಸ ಸಿಕ್ಕಿರುತ್ತದಲ್ಲ, ಇಲ್ಲಿಯೂ ಹಾಗೆಯೇ. ಯಾವ ಹಂತದಲ್ಲಿ ರಾಶಿ ಹೆಚ್ಚಿದೆಯೋ ಅದಕ್ಕೂ ಮುಂದಿನ ಹಂತಕ್ಕೂ ನಡುವೆ ತೊಡಕಿದೆ.

ಒಂದು ಎಚ್ಚರಿಕೆ. ಒಂದೇ ತಿಂಗಳಲ್ಲಿ ಎಲ್ಲವನ್ನೂ ಬದಲಿಸಬೇಡಿ. ಬರೆಯುವ ವೇಳೆ, ಜಾಗ, ಪ್ರಕಾರ, ಗುರಿ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಫಲ ಸಿಕ್ಕಿತು ಎಂದು ತಿಳಿಯುವುದಿಲ್ಲ. ಒಂದು ತಿಂಗಳಿಗೆ ಒಂದೇ ಬದಲಾವಣೆ.

ಹೊಳಹುಗಳು ತುಂಬ, ಕರಡು ಒಂದೂ ಇಲ್ಲ

ಮೊದಲು ನಿಮ್ಮ ಟಿಪ್ಪಣಿಗಳನ್ನೇ ಓದಿ. ‘ಅಜ್ಜಿ, ಕೊಡೆ, ಕೊನೆಯ ಬಸ್’ ಎಂದು ಬರೆದಿಟ್ಟದ್ದು ಆ ಸಂಜೆ ಇಡೀ ಕಥೆಯನ್ನು ಕಣ್ಣ ಮುಂದೆ ತಂದಿರಬಹುದು. ಮೂರು ವಾರದ ನಂತರ ಅದು ಮೂರು ನಾಮಪದ, ಅಷ್ಟೇ. ಹೊಳೆದಾಗಲೇ ಪೂರ್ತಿ ವಾಕ್ಯದಲ್ಲಿ ಬರೆಯಿರಿ: ಯಾರಿಗೆ ಏನು ಬೇಕಾಗಿದೆ, ಯಾವುದು ಅಡ್ಡ ಬಂದಿದೆ. ‘ಮಗನ ಮನೆಯಿಂದ ಹೇಳದೆ ಹೊರಟ ಅಜ್ಜಿಗೆ ಕೊನೆಯ ಬಸ್ ಸಿಗಬೇಕು, ಕಂಡಕ್ಟರ್ ಮಗನ ಗೆಳೆಯ.’ ಈಗ ಇದನ್ನು ಯಾವಾಗ ತೆಗೆದರೂ ಬರೆಯಬಹುದು. ಹೀಗೆ ಒಂದು ವಾಕ್ಯಕ್ಕೆ ಇಳಿಯದ ಹೊಳಹು ಇನ್ನೂ ಕಥೆಯಾಗಿಲ್ಲ. ಅದನ್ನು ತಿಂಗಳ ಯೋಜನೆಗೆ ಸೇರಿಸಬೇಡಿ, ಬೇರೆ ಪುಟದಲ್ಲಿ ಇರಲಿ.

ಕರಡು ನಡುವೆಯೇ ನಿಲ್ಲುತ್ತದೆ

ನಾನು ಕಂಡ ದೋಷಗಳಲ್ಲಿ ಇದೇ ಅತಿ ಹೆಚ್ಚು. ಮೂರು ಪುಟ, ನಾಲ್ಕು ಪುಟ ಸಲೀಸಾಗಿ ಸಾಗಿ ಒಂದು ದಿನ ನಿಂತುಬಿಡುತ್ತದೆ. ಬರೆಯುವವರು ಇದನ್ನು ಬೇಸರ ಎಂದೋ ಸ್ಫೂರ್ತಿಯ ಕೊರತೆ ಎಂದೋ ಹೇಳುತ್ತಾರೆ. ಪರೀಕ್ಷಿಸಿದರೆ ಕಾರಣ ಪುಟದಲ್ಲೇ ಇರುತ್ತದೆ.

ಬಳಗದ ಗೆಳೆಯರೊಬ್ಬರ ಕಥೆಯನ್ನು ತೆಗೆದುಕೊಳ್ಳೋಣ. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಸಹಕಾರಿ ಸಂಘದಲ್ಲಿ ಕೆಲಸ ಮಾಡುವ ತಮ್ಮನ ಮೇಜಿಗೆ, ಪಾಲಾದ ಮೇಲೆ ಮಾತು ಬಿಟ್ಟಿರುವ ಅಣ್ಣನ ಬೆಳೆಸಾಲದ ಅರ್ಜಿ ಬರುತ್ತದೆ. ಒಳ್ಳೆಯ ವಸ್ತು. ಕರಡು ಶುರುವಾದದ್ದು ಹೀಗೆ: ‘ಚಿಕ್ಕಂದಿನಲ್ಲಿ ಅಣ್ಣ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದ.’ ಅಲ್ಲಿಂದ ಶಾಲೆ, ಅಪ್ಪನ ಸಾವು, ತೋಟದ ಪಾಲು, ತಮ್ಮನ ನೌಕರಿ. ನಾಲ್ಕನೆಯ ಪುಟದ ಕೊನೆಗೆ ಅರ್ಜಿ ಮೇಜಿಗೆ ಬರಬೇಕಾದ ಜಾಗದಲ್ಲಿ ಕಥೆ ನಿಂತಿತ್ತು, ಎರಡು ತಿಂಗಳಿನಿಂದ.

ಮೊದಲ ಪರೀಕ್ಷೆ: ಕಥೆಯಲ್ಲಿ ಹಿಂದಿರುಗಲಾಗದ ಘಟನೆ ಯಾವುದು, ಅದು ಎಷ್ಟನೆಯ ಪುಟದಲ್ಲಿದೆ? ಇಲ್ಲಿ ಅದು ಅರ್ಜಿ, ಮತ್ತು ಅದು ಇನ್ನೂ ಬಂದೇ ಇಲ್ಲ. ನಾಲ್ಕು ಪುಟವೂ ಹಿನ್ನೆಲೆ. ಬರೆಯುವವರ ದಣಿವು ಸಹಜವಾದದ್ದೇ; ಕಥೆ ಹೇಳದೆಯೇ ಕಥೆಯಷ್ಟು ಬರೆದಾಗಿತ್ತು. ಹೊಸ ಆರಂಭ ಹೀಗಾಯಿತು: ‘ಅರ್ಜಿಯ ಕೆಳಗಿದ್ದ ಸಹಿಯನ್ನು ಅವನು ಓದಬೇಕಾಗಿರಲಿಲ್ಲ. ಕೊನೆಯ ಗುಡಿಸನ್ನು ಹಾಗೆ ಹಿಂದಕ್ಕೆ ಎಳೆದು ಇಡೀ ಹೆಸರಿನ ಮೇಲೆ ಹಾಯಿಸುವವನು ಊರಿಗೆ ಒಬ್ಬನೇ.’ ಹೆಗಲು, ಜಾತ್ರೆ ಎಲ್ಲವೂ ಮುಂದೆ ಒಂದೆರಡು ಸಾಲಿನಲ್ಲಿ ಬಂದವು, ಬೇಕಾದಷ್ಟೇ. ಹಳೆಯ ನಾಲ್ಕು ಪುಟ ವ್ಯರ್ಥವಾಗಲಿಲ್ಲ. ಆ ಸಹಿಯನ್ನು ತಮ್ಮ ಹೇಗೆ ಗುರುತಿಸಬಲ್ಲ ಎಂಬುದು ಲೇಖಕರಿಗೆ ಗೊತ್ತಾದದ್ದು ಅವುಗಳನ್ನು ಬರೆದದ್ದರಿಂದಲೇ.

ಎರಡನೆಯ ಪರೀಕ್ಷೆ ಮಾಹಿತಿಯದು. ಅದೇ ಕಥೆ ಮತ್ತೆ ಒಂದೂವರೆ ಪುಟ ಸಾಗಿ ನಿಂತಿತು. ಈ ಸಲ ಕಾರಣ ಬೇರೆ: ಅಣ್ಣನ ಜಮೀನಿನ ಪಹಣಿ ಇನ್ನೂ ಜಂಟಿಯಾಗಿಯೇ ಇದ್ದರೆ ಅರ್ಜಿಗೆ ತಮ್ಮನ ಸಹಿಯೂ ಬೇಕಾಗುತ್ತದೆಯೇ, ಜಾಮೀನಿಗೆ ಯಾರು ನಿಲ್ಲಬಹುದು ಎಂಬುದನ್ನು ಲೇಖಕರು ತೀರ್ಮಾನಿಸಿರಲಿಲ್ಲ. ಕಥೆಯ ಗಂಟು ಇದ್ದದ್ದೇ ಅಲ್ಲಿ. ಇಂಥ ಕಡೆ ಕಲ್ಪನೆಯ ಮೇಲೆ ಒತ್ತಡ ಹಾಕಿ ಪ್ರಯೋಜನವಿಲ್ಲ. ಆ ಕೆಲಸ ಮಾಡುವವರೊಂದಿಗೆ ಅರ್ಧ ಗಂಟೆ ಕುಳಿತು ಕೇಳಬೇಕು, ಬರೆದುಕೊಳ್ಳಬೇಕು. ಸಾಲದ ಕಥೆಗೆ ಸಂಘದವರು, ಹೆರಿಗೆಯ ಕಥೆಗೆ ದಾದಿ, ಬಸ್ಸಿನ ಕಥೆಗೆ ಕಂಡಕ್ಟರ್. ಅವರು ಹೇಳುವ ವಿವರಗಳಲ್ಲೇ ಕಥೆಯ ಮುಂದಿನ ತಿರುವು ಅಡಗಿರುತ್ತದೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಷ್ಟು ಮುಖ್ಯವಲ್ಲದ ಮಾಹಿತಿಯಾದರೆ ಅಲ್ಲಿ ನಿಲ್ಲಬೇಡಿ. ‘ಇಲ್ಲಿ ಬಸ್ಸಿನ ವೇಳೆ ಬೇಕು’ ಎಂದು ಚೌಕ ಹಾಕಿ ಬರೆದು ಮುಂದೆ ಹೋಗಿ.

ಮೂರನೆಯದು, ಯಾರ ಕಣ್ಣಿನಿಂದ ಹೇಳುತ್ತಿದ್ದೀರಿ ಎಂಬ ಪರೀಕ್ಷೆ. ನಿಂತ ಜಾಗದಲ್ಲಿ ಕಥೆ ಹೇಳುವವನಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಸಂಗತಿ ಹೇಳಬೇಕಾಗಿ ಬಂದಿದೆಯೇ ನೋಡಿ. ತಮ್ಮನ ಕಣ್ಣಿನ ಕಥೆಯಲ್ಲಿ ಅಣ್ಣನ ಮನೆಯ ಅಡುಗೆಮನೆಯ ಮಾತು ಬರಬೇಕೆಂದು ನೀವು ಪಟ್ಟು ಹಿಡಿದರೆ ಕಥೆ ನಿಲ್ಲುತ್ತದೆ. ಒಂದು ಪುಟವನ್ನು ಇನ್ನೊಂದು ಪಾತ್ರದ ಕಡೆಯಿಂದ ಬರೆದು ನೋಡಿ. ಸಲೀಸಾಗಿ ಸಾಗಿದರೆ ಉತ್ತರ ಸಿಕ್ಕಿತು.

ಮೂರಕ್ಕೂ ಉತ್ತರ ಸರಿಯಿದ್ದೂ ಕಥೆ ಕದಲದಿದ್ದರೆ, ಅದು ನಿಮಗೆ ಬೇಡವಾದ ಕಥೆಯೂ ಆಗಿರಬಹುದು. ಸ್ಪರ್ಧೆಗೆ ಹೊಂದುತ್ತದೆ ಎಂದು ಆರಿಸಿಕೊಂಡ ವಸ್ತುಗಳಲ್ಲಿ ಹೀಗಾಗುತ್ತದೆ. ಅದನ್ನು ಪಟ್ಟಿಯಿಂದ ತೆಗೆದುಹಾಕಿ. ಹೊತ್ತು ತಿರುಗುವುದಕ್ಕಿಂತ ಅದೇ ಮೇಲು.

ತಿದ್ದುಪಡಿ ಮುಗಿಯುವುದೇ ಇಲ್ಲ

ಕೊನೆಯ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ. ಹಿಂದಿನ ಪ್ರತಿಯಲ್ಲಿ ತೆಗೆದ ಪದವನ್ನೇ ಈ ಪ್ರತಿಯಲ್ಲಿ ಮರಳಿ ಹಾಕಿದ್ದರೆ, ‘ಹೇಳಿದಳು’ ಎಂಬುದು ‘ಅಂದಳು’ ಆಗಿ ಮತ್ತೆ ‘ಹೇಳಿದಳು’ ಆಗಿದ್ದರೆ, ತಿದ್ದುಪಡಿ ಮುಗಿದಿದೆ. ನೀವು ಕಥೆಯನ್ನು ಕಳುಹಿಸಲು ಹಿಂಜರಿಯುತ್ತಿದ್ದೀರಿ, ಅಷ್ಟೇ. ಬದಲಾವಣೆಗಳು ಇಡೀ ದೃಶ್ಯಗಳಲ್ಲಿ ಆಗುತ್ತಿದ್ದರೆ ಮಾತ್ರ ನಿಜಕ್ಕೂ ಇನ್ನೂ ಕೆಲಸ ಉಳಿದಿದೆ.

ತಿದ್ದುವಾಗ ಒಂದು ಸಲ ಗಟ್ಟಿಯಾಗಿ ಓದಲೇಬೇಕು. ವಾಕ್ಯ ಉದ್ದವಾಯಿತು ಎಂಬುದನ್ನು ಕಣ್ಣಿಗಿಂತ ಮೊದಲು ಉಸಿರು ಹೇಳುತ್ತದೆ. ಸಂಭಾಷಣೆ ಯಾವುದಾದರೂ ಸೀಮೆಯ ಆಡುಮಾತಿನಲ್ಲಿದ್ದರೆ ಆ ಮಾತನ್ನು ಮನೆಯಲ್ಲಿ ಆಡುವವರಿಂದ ಓದಿಸಿ. ಧಾರವಾಡದ ಮಾತನ್ನು ಕೇಳಿ ಮಾತ್ರ ಬಲ್ಲವರು ಬರೆದ ಸಂಭಾಷಣೆ ಧಾರವಾಡದವರ ಕಿವಿಗೆ ಮೊದಲ ಸಾಲಿಗೇ ಸಿಕ್ಕಿಬೀಳುತ್ತದೆ. ಹವ್ಯಕರ ಮಾತು, ಕುಂದಾಪುರದ ಮಾತು, ಮಂಡ್ಯದ ಮಾತು ಎಲ್ಲಕ್ಕೂ ಇದು ಅನ್ವಯ. ಆಡುವವರು ಸಿಗದಿದ್ದರೆ ಶಿಷ್ಟ ಕನ್ನಡದಲ್ಲಿಯೇ ಬರೆಯಿರಿ, ಅದರಲ್ಲಿ ಕೊರತೆ ಏನೂ ಇಲ್ಲ.

ಕಳುಹಿಸಿದ್ದೇನೆ, ಉತ್ತರವಿಲ್ಲ

ಈ ಹಂತದ ದೋಷಗಳಲ್ಲಿ ಕೆಲವು ಸಾಹಿತ್ಯಕ್ಕೆ ಸಂಬಂಧಪಟ್ಟವೇ ಅಲ್ಲ. ಕಥೆ ಸಂಪಾದಕರ ಗಣಕದಲ್ಲಿ ತೆರೆದುಕೊಳ್ಳದೆಯೇ ಹೋಗಿರಬಹುದು. ಅಕ್ಷರಸಂಕೇತದ ಈ ತೊಂದರೆಯಿಂದ ಎಷ್ಟು ಒಳ್ಳೆಯ ಬರಹಗಳು ಮೂಲೆ ಸೇರಿವೆಯೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಅದಕ್ಕಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ ಪಠ್ಯದಲ್ಲಿ ಒಳಗೆ ಕೂತಿರುವುದು ಕನ್ನಡದ ಅಕ್ಷರಗಳಲ್ಲ. ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿರುತ್ತದೆ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ, ಅಥವಾ ಮೊಬೈಲಿನಲ್ಲಿ, ಅದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸಂಕೇತಗಳಿವೆ, ಹಾಗಾಗಿ ಎಲ್ಲೆಡೆ ಕನ್ನಡವಾಗಿಯೇ ಕಾಣುತ್ತದೆ. ಆದರೆ ಪುಟವಿನ್ಯಾಸದ ಹಳೆಯ ತಂತ್ರಾಂಶ ಬಳಸುವ ಕೆಲವು ಮುದ್ರಣಾಲಯ, ಪತ್ರಿಕೆಗಳು ಈಗಲೂ ನುಡಿಯಲ್ಲೇ ಕಳುಹಿಸಿ ಎನ್ನುತ್ತವೆ. ಪ್ರಕಟಣೆಯಲ್ಲಿ ಯಾವುದನ್ನು ಕೇಳಿದ್ದಾರೆ ಎಂದು ನೋಡಿಯೇ ಮುಂದುವರಿಯಿರಿ.

ಪರೀಕ್ಷೆ ಸುಲಭ. ಕಥೆಯ ಒಂದು ಪ್ಯಾರಾವನ್ನು ನಕಲಿಸಿ ನಿಮಗೆ ನೀವೇ ಮಿಂಚಂಚೆ ಕಳುಹಿಸಿ, ಮೊಬೈಲಿನಲ್ಲಿ ತೆರೆಯಿರಿ. ಕನ್ನಡ ಕಂಡರೆ ಅದು ಯೂನಿಕೋಡ್. ಚಿಹ್ನೆಗಳು ಕಂಡರೆ ಪರಿವರ್ತಕದಲ್ಲಿ ಹಾಕಿ ಬದಲಿಸಬೇಕು. ಬದಲಿಸಿದ ಮೇಲೆ ಕಣ್ಣಾಡಿಸದೆ ಕಳುಹಿಸಬೇಡಿ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿರುವುದು, ದೀರ್ಘ ಬಿಟ್ಟುಹೋಗಿರುವುದು, ಉದ್ಧರಣ ಚಿಹ್ನೆಗಳು ಬೇರೇನೋ ಆಗಿರುವುದು ಈ ಹೊತ್ತಿನಲ್ಲೇ. ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಎಂದು ವಕಾರದ ಒತ್ತಾಗಿ ಕೂಡಿಕೊಂಡಿದ್ದರೆ ನಡುವಿನ ಕಾಣದ ಬಿಡಿಸುವ ಸಂಕೇತ ಕಳೆದುಹೋಗಿದೆ ಎಂದರ್ಥ. ಪಾತ್ರದ ಹೆಸರಿನಲ್ಲಿಯೇ ಇಂಥ ತಪ್ಪು ಸೇರಿಕೊಂಡರೆ ಕಥೆಯುದ್ದಕ್ಕೂ ಕಾಡುತ್ತದೆ. ಪಿಡಿಎಫ್ ಮಾತ್ರ ಕಳುಹಿಸುವುದೂ ಸಾಲದು, ಏಕೆಂದರೆ ಅದರಿಂದ ಕನ್ನಡ ಪಠ್ಯವನ್ನು ನಕಲಿಸಿದಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವುದುಂಟು. ತಿದ್ದಬಹುದಾದ ಕಡತ ಜೊತೆಗಿರಲಿ.

ತಾಂತ್ರಿಕ ದೋಷವಿಲ್ಲದಿದ್ದರೆ ಪದಮಿತಿ ನೋಡಿ. ನಂತರ ಋತು ನೋಡಿ. ದೀಪಾವಳಿ ವಿಶೇಷಾಂಕ ಅಂಗಡಿಗೆ ಬರುವುದು ಹಬ್ಬದ ಹೊತ್ತಿಗಾದರೂ, ಕಥಾಸ್ಪರ್ಧೆಗಳಿಗೆ ಬರಹ ಆಹ್ವಾನಿಸುವುದು ತಿಂಗಳುಗಳ ಮೊದಲೇ. ನವರಾತ್ರಿಯ ರಜೆಯಲ್ಲಿ ಬರೆಯಲು ಕುಳಿತ ದೀಪಾವಳಿಯ ಕಥೆ ತಡವಾಗಿಯೇ ಹುಟ್ಟಿದ್ದು. ಯುಗಾದಿಯ ಸಂಚಿಕೆಗೂ ಇದೇ ಮಾತು.

ಕಾಯುವ ಅವಧಿಯಲ್ಲಿ ಅದೇ ಕಥೆಯನ್ನು ಇನ್ನೊಂದು ಪತ್ರಿಕೆಗೆ ಕಳುಹಿಸಬೇಡಿ. ಹಿಂದೆ ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಇಟ್ಟು ಕಳುಹಿಸಿದರೆ ಬೇಡವಾದ ಕಥೆ ಮರಳಿ ಬರುತ್ತಿತ್ತು. ಮಿಂಚಂಚೆಯ ಕಾಲದಲ್ಲಿ ಮೌನವೇ ಉತ್ತರವಾಗಿರುವುದು ಹೆಚ್ಚು. ರವಾನೆಯ ದಿನವನ್ನೂ, ಪತ್ರಿಕೆ ತಾನೇ ಹೇಳಿರುವ ಕಾಯುವ ಅವಧಿಯನ್ನೂ ಬರೆದಿಡಿ. ಅವಧಿ ಕಳೆದರೆ ಒಂದು ಸಾಲಿನ ವಿಚಾರಣೆ. ಅದಕ್ಕೂ ಉತ್ತರ ಬರದಿದ್ದರೆ ಕಥೆಯನ್ನು ಹಿಂದೆಗೆದುಕೊಳ್ಳುತ್ತಿರುವುದಾಗಿ ಸೌಜನ್ಯದಿಂದ ತಿಳಿಸಿ ಬೇರೆ ಕಡೆಗೆ ಕಳುಹಿಸಿ. ಅಷ್ಟರಲ್ಲಿ ಮುಂದಿನ ಕಥೆ ಶುರುವಾಗಿರಬೇಕು. ಒಂದರ ಫಲಿತಾಂಶಕ್ಕೆ ಕಾಯುತ್ತಾ ಇನ್ನೊಂದನ್ನು ಮುಟ್ಟದೆ ಕುಳಿತ ತಿಂಗಳುಗಳನ್ನು ನಮ್ಮ ಬಳಗ ತುಂಬ ಕಂಡಿದೆ.

ರಾಶಿ ಎಲ್ಲಿಯೂ ಇಲ್ಲ, ಕೆಲಸವೂ ಆಗಿಲ್ಲ

ಯಾವ ಹಂತದಲ್ಲಿಯೂ ಬರಹ ಗುಡ್ಡೆ ಬೀಳದೆ ಇಡೀ ತಿಂಗಳು ಬರಿದಾಗಿದ್ದರೆ ಪಂಚಾಂಗ ನೋಡಿ. ಸಂಘ, ಬ್ಯಾಂಕುಗಳಲ್ಲಿ ಕೆಲಸ ಮಾಡುವವರಿಗೆ ಮಾರ್ಚ್ 31ರ ವರ್ಷಾಂತ್ಯದ ಲೆಕ್ಕ. ಶಿಕ್ಷಕರಿಗೆ ಪರೀಕ್ಷೆ, ಮೌಲ್ಯಮಾಪನ. ಮಲೆನಾಡಿನ ತೋಟದವರಿಗೆ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು. ಸುಲಿತದ ದಿನಗಳಲ್ಲಿ ರಾತ್ರಿ ಹನ್ನೊಂದಕ್ಕೆ ಕೈ ತೊಳೆದವರು ಕಥೆ ಬರೆಯಲಿಲ್ಲವೆಂದು ಕೊರಗುವುದು ನ್ಯಾಯವಲ್ಲ. ಆ ತಿಂಗಳಿಗೆ ಓದು ಮತ್ತು ಟಿಪ್ಪಣಿ ಮಾತ್ರ ಎಂದು ಮೊದಲೇ ಬರೆದಿಡಿ. ಸುಲಿಯುವ ಚಪ್ಪರದಲ್ಲಿ ಕೇಳಿದ ಮಾತುಗಳನ್ನು ಎರಡು ಸಾಲಿನಲ್ಲಿ ದಾಖಲಿಸಿದರೂ ಅದು ತಿಂಗಳ ಕೆಲಸವೇ.

ಮನೆಯ ಹೊರೆ ಹೊತ್ತ ಹೆಂಗಸರ ವಿಷಯದಲ್ಲಿ ಪಂಚಾಂಗದ ಲೆಕ್ಕವೂ ಸಾಲುವುದಿಲ್ಲ. ಶ್ರಾವಣದಿಂದ ದೀಪಾವಳಿಯವರೆಗೆ ಒಂದರ ಹಿಂದೊಂದು ಹಬ್ಬ, ಬಂದು ಹೋಗುವವರು. ಅವರಿಗೆ ದಿನಕ್ಕೊಂದು ಗಂಟೆ ಬರೆಯಿರಿ ಎಂಬ ಸಲಹೆ ಕೊಡುವವರು ಆ ಗಂಟೆ ಎಲ್ಲಿಂದ ಬರಬೇಕು ಎಂಬುದನ್ನೂ ಹೇಳಬೇಕು. ದೋಷ ಮನೆಯ ಕೆಲಸದ ಹಂಚಿಕೆಯಲ್ಲಿದೆ, ಪರಿಹಾರವೂ ಅಲ್ಲಿಯೇ ಆಗಬೇಕು: ವಾರದಲ್ಲಿ ಎರಡು ಸಂಜೆ ಅಡುಗೆ ಇನ್ನೊಬ್ಬರ ಕೈಗೆ ಹೋಗಬೇಕು. ಬಳಗದ ಶಿಕ್ಷಕಿಯೊಬ್ಬರ ಮನೆಯಲ್ಲಿ ಇಷ್ಟು ಬದಲಾದದ್ದೇ ತಡ, ಬಹುಕಾಲದಿಂದ ನಿಂತಿದ್ದ ಅವರ ಪ್ರಬಂಧಗಳು ಒಂದೊಂದಾಗಿ ಮುಗಿಯತೊಡಗಿದವು.

ಮುಂದಿನ ತಿಂಗಳ ಯೋಜನೆ

ಹಂತಗಳ ಪುಟವನ್ನು ಎದುರಿಗೆ ಇಟ್ಟುಕೊಂಡೇ ಯೋಜನೆ ಬರೆಯಿರಿ, ಆಸೆಯಿಂದ ಅಲ್ಲ. ಕಳೆದ ತಿಂಗಳು ಒಂದು ಕರಡು ಅರ್ಧವಾಗಿದ್ದರೆ ಈ ತಿಂಗಳ ಮೊದಲ ಕೆಲಸ ಅದರ ಉಳಿದರ್ಧ. ಹೊಸ ಕಥೆಗೆ ಕೈ ಹಾಕುವುದು ಅದಾದ ಮೇಲೆ. ‘ಎರಡು ಕಥೆ’ ಎಂದು ಬರೆಯಬೇಡಿ. ಯಾವ ಕಥೆ, ಯಾವ ಹಂತದಿಂದ ಯಾವ ಹಂತಕ್ಕೆ ಎಂದು ಬರೆಯಿರಿ. ಸಾಲದ ಕಥೆಯ ಗೆಳೆಯರ ಈ ತಿಂಗಳ ಯೋಜನೆ ಹೀಗಿದೆ:

ಮೊದಲ ವಾರ, ಜಾಮೀನಿನ ವಿಷಯ ಕೇಳಿ ಬರೆದುಕೊಳ್ಳುವುದು. ಎರಡು, ಮೂರನೆಯ ವಾರ, ಸಹಿಯ ದೃಶ್ಯದಿಂದ ಕೊನೆಯವರೆಗೆ ಕರಡು. ಚೌಕದ ಖಾಲಿ ಜಾಗಗಳು ಉಳಿದರೂ ಸರಿ. ನಾಲ್ಕನೆಯ ವಾರ ಅದನ್ನು ಮುಟ್ಟುವುದಿಲ್ಲ, ಅಜ್ಜಿಯ ಕಥೆಯ ಮೊದಲ ಪುಟ ಮಾತ್ರ. ತಿದ್ದುಪಡಿ ಮುಂದಿನ ತಿಂಗಳು.

ಇದರಲ್ಲಿ ಪ್ರಕಟಣೆಯ ಮಾತೇ ಇಲ್ಲ, ಏಕೆಂದರೆ ಅದು ಅವರ ಕೈಯಲ್ಲಿಲ್ಲ. ಕಥೆಗಳು ಸಂಕಲನಕ್ಕಾಗುವಷ್ಟು ಕೂಡಿದ ಮೇಲೆ ಪುಸ್ತಕದ ಯೋಚನೆ ಮಾಡಬಹುದು. ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿದೆ, ಅರ್ಜಿ ಕರೆದಾಗ ವಯೋಮಿತಿ ಮತ್ತು ನಿಯಮಗಳನ್ನು ನೋಡಿಕೊಳ್ಳಬೇಕು. ಈಗ ಬೇಕಾಗಿರುವುದು ಯೋಜನೆಯ ಪ್ರತಿ ಸಾಲಿನ ಮುಂದೆ ಒಂದು ಖಾಲಿ ಅಂಕಣ. ತಿಂಗಳ ಕೊನೆಗೆ ಅಲ್ಲಿ ‘ಆಯಿತು’, ‘ಆಗಲಿಲ್ಲ’ ಎಂದು ಬರೆಯಬೇಡಿ. ಎಲ್ಲಿ ನಿಂತಿತು ಎಂದು ಬರೆಯಿರಿ.